ಹಿಮಾಯತ್‌ನಗರ ಯಾವ ಕಾಲಂನಲ್ಲಿದೆ?

ಹೈದರಾಬಾದಿನ ಹಿಮಾಯತ್‌ನಗರದಲ್ಲಿ ಬೀದಿಗಳಿಗೆ ಹೆಸರಿಗಿಂತ ನಂಬರೇ ಹೆಚ್ಚು ಚಾಲ್ತಿ. ಮನೆ ನಂಬರುಗಳು 3-6 ಎಂದು ಶುರುವಾಗಿ, ಇನ್ನೊಂದು ಅಡ್ಡಗೆರೆ ಎಳೆದು, ಮೂರನೇ ಅಂಕಿಯಲ್ಲಿ ಮುಗಿಯುತ್ತವೆ. ಪಿನ್‌ಕೋಡ್ 500029. ಅಲ್ಲಿಯ ನಿವಾಸಿಯೊಬ್ಬರು ಆನ್‌ಲೈನ್ ಅರ್ಜಿ ತುಂಬಲು ಕೂತರೆ ‘ಹಿಮಾಯತ್‌ನಗರ’ ಎಂಬ ಪದವನ್ನು ಯಾವ ಕಾಲಂನಲ್ಲಿ ಬರೆಯಬೇಕು? ಅದು ಬಡಾವಣೆಯ ಹೆಸರು, ಹಾಗಾಗಿ ‘ಲೊಕ್ಯಾಲಿಟಿ’ಯಲ್ಲಿ ಬರೆಯಬಹುದು. ಅಲ್ಲಿಯ ಅಂಚೆ ಕಚೇರಿಗೂ ಅದೇ ಹೆಸರು, ಹಾಗಾಗಿ ‘ಪೋಸ್ಟ್ ಆಫೀಸ್’ ಕಾಲಂನಲ್ಲೂ ಸರಿ. ಹೈದರಾಬಾದ್ ಜಿಲ್ಲೆಯ ಒಂದು ಮಂಡಲದ ಹೆಸರೂ ಅದೇ, ಹಾಗಾಗಿ ‘ಸಬ್‌ಡಿಸ್ಟ್ರಿಕ್ಟ್’ ಕೂಡ ತಪ್ಪಲ್ಲ. ಇನ್ನು ಮಹಾರಾಷ್ಟ್ರದ ನಾಂದೇಡ್ ಜಿಲ್ಲೆಯಲ್ಲಿ ಹಿಮಾಯತ್‌ನಗರ ಎಂಬ ಬೇರೆಯೇ ಊರಿದೆ, ಅದೊಂದು ತಾಲ್ಲೂಕು ಕೇಂದ್ರ. 1956ರವರೆಗೆ ಈ ಎರಡೂ ಜಾಗಗಳು ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು.

ಅಂದರೆ ‘ಹಿಮಾಯತ್‌ನಗರ’ ಎಂದು ಬರೆದ ಮಾತ್ರಕ್ಕೆ ಜಾಗ ಯಾವುದೆಂದು ಗೊತ್ತಾಗುವುದಿಲ್ಲ. ಪದ ಕೂತಿರುವ ಕಾಲಂ ಅದಕ್ಕೆ ಅರ್ಥ ಕೊಡುತ್ತದೆ. ಅಂಚೆಯಣ್ಣನಿಗೆ ಇದು ಗೊತ್ತು, ತಹಶೀಲ್ದಾರ್ ಕಚೇರಿಯ ಗುಮಾಸ್ತರಿಗೂ ಗೊತ್ತು. ಸಾಫ್ಟ್‌ವೇರ್ ಬರೆಯುವವರಿಗೂ ಗೊತ್ತಿರಬೇಕಿತ್ತು. ಆದರೆ ಆ ಕಸುಬಿನಲ್ಲಿ ಇಂದು ಜಾಣತನ ಎಂದು ಕಲಿಸುವ ಒಂದು ಅಭ್ಯಾಸ ಸರಿಯಾಗಿ ಇದರ ವಿರುದ್ಧ ದಿಕ್ಕಿನಲ್ಲಿದೆ. ಬೇರೆ ಬೇರೆ ಕಡೆಯಿಂದ ಬೇರೆ ಬೇರೆ ಕಾಲಂ ಹೆಸರಿನಲ್ಲಿ ಬರುವ ಮಾಹಿತಿಯನ್ನೆಲ್ಲ ಒಂದೇ ಸಾಮಾನ್ಯ ಅಚ್ಚಿಗೆ ಸುರಿದು, ಮೂಲದ ಹೆಸರುಗಳನ್ನು ಅಲ್ಲಿಯೇ ಬಿಟ್ಟು ಮುಂದೆ ಹೋಗುವ ಅಭ್ಯಾಸ ಅದು. ಇದರಿಂದ ಕೋಡ್ ಚಿಕ್ಕದಾಗುತ್ತದೆ, ನೋಡಲು ಚೊಕ್ಕವಾಗಿಯೂ ಇರುತ್ತದೆ. ಅದರ ಬೆಲೆ ತೆರುವವರು ಮಾತ್ರ ಕೋಡ್ ಬರೆದವರಲ್ಲ, ಅರ್ಜಿ ತುಂಬಿದವರು.

ಪೆಟ್ಟಿಗೆ ಮತ್ತು ಅದರೊಳಗಿನ ಮಾಲು

ಈ ಕಸುಬಿನ ಒಳಗಿಲ್ಲದ ಓದುಗರಿಗೆ ಎರಡು ಮಾತು. ಒಂದು ಕಂಪ್ಯೂಟರ್ ಇನ್ನೊಂದರಿಂದ ಮಾಹಿತಿ ಕೇಳಿ ಪಡೆಯುವ ಗೊತ್ತಾದ ದಾರಿಯನ್ನು ಎಪಿಐ ಎನ್ನುತ್ತಾರೆ. ಉತ್ತರ ಸಾಮಾನ್ಯವಾಗಿ ಜೇಸನ್ ಎಂಬ ಬರಹದ ರೂಪದಲ್ಲಿ ಬರುತ್ತದೆ. ಅದರಲ್ಲಿ ಪ್ರತಿ ಮಾಹಿತಿಗೂ ಒಂದು ಹೆಸರು, ಆ ಹೆಸರಿನ ಎದುರು ಒಂದು ಮೌಲ್ಯ: ‘ಡಿಸ್ಟ್ರಿಕ್ಟ್’ ಎದುರು ‘ಹೈದರಾಬಾದ್’, ‘ಪಿನ್‌ಕೋಡ್’ ಎದುರು ‘500029’. ಈ ಹೆಸರನ್ನೇ ಫೀಲ್ಡ್ ಅಥವಾ ಕೀ ಎನ್ನುವುದು. ಬಂದ ಬರಹವನ್ನು ಬಿಡಿಸಿ ಪ್ರೋಗ್ರಾಮು ಬಳಸಬಲ್ಲ ಅಚ್ಚಿಗೆ ಇಳಿಸುವ ಕೆಲಸಕ್ಕೆ ಡೀಸೀರಿಯಲೈಜ್ ಮಾಡುವುದು ಎಂದು ಹೆಸರು.

ಉತ್ತರ ಕೊಡುವವರು ನೂರು ಮಂದಿ, ನೂರು ಮಂದಿಯದೂ ನೂರು ರೂಢಿ. ಭಾರತ ಸರ್ಕಾರದ ದತ್ತಾಂಶ ತಾಣ ತನ್ನ ಪಟ್ಟಿಯನ್ನು ‘ರೆಕಾರ್ಡ್ಸ್’ ಎಂಬ ಹೆಸರಿನಡಿ ಕೊಡುತ್ತದೆ. ಪಿನ್‌ಕೋಡ್ ಹುಡುಕಿಕೊಡುವ ಒಂದು ಖಾಸಗಿ ಸೇವೆ ಅದನ್ನೇ ‘ಪೋಸ್ಟ್‌ಆಫೀಸ್’ ಎಂಬ ಹೆಸರಿನಡಿ ಕೊಡುತ್ತದೆ. ಇನ್ನೊಬ್ಬರು ‘ಡೇಟಾ’ ಎನ್ನುತ್ತಾರೆ, ಮತ್ತೊಬ್ಬರು ‘ರಿಸಲ್ಟ್’ ಎನ್ನುತ್ತಾರೆ. ಹೊರಗಿನ ಪೆಟ್ಟಿಗೆಯದು ಎಲ್ಲ ಕಡೆ ಒಂದೇ ಕೆಲಸ: ಎಷ್ಟು ಸಾಲು ಇವೆ, ಎಲ್ಲಿಂದ ಶುರು, ಸರಿಯಾಗಿ ಬಂತೋ ಇಲ್ಲವೋ ಎಂದು ಹೇಳುವುದು. ಆದ್ದರಿಂದ ಪೆಟ್ಟಿಗೆಗೆ ಒಂದೇ ಅಚ್ಚು ಸಾಕು. ಒಳಗೆ ಏನಿದೆ ಎಂಬುದನ್ನು ಬಳಸುವಾಗ ಹೇಳಿದರಾಯಿತು. ಹೀಗೆ ಒಳಗಿನ ಮಾಲನ್ನು ಖಾಲಿ ಬಿಟ್ಟು ಬರೆದ ಅಚ್ಚಿಗೆ ಜೆನೆರಿಕ್ ಟೈಪ್ ಎನ್ನುತ್ತಾರೆ. ಜಾವಾ ಭಾಷೆಗೆ ಈ ಸೌಲಭ್ಯ ಬಂದದ್ದು 2004ರಲ್ಲಿ, ಐದನೇ ಆವೃತ್ತಿಯೊಂದಿಗೆ.

ಜಾವಾದಲ್ಲಿ ಒಂದು ತೊಡಕಿದೆ. ಪ್ರೋಗ್ರಾಮು ಓಡುವ ಹೊತ್ತಿಗೆ ಪೆಟ್ಟಿಗೆಯ ಮೇಲಿನ ‘ಒಳಗೆ ಇಂಥದ್ದಿದೆ’ ಎಂಬ ಚೀಟಿ ಅಳಿಸಿಹೋಗಿರುತ್ತದೆ. ಅದಕ್ಕೆಂದೇ ಜೀಸನ್ ಎಂಬ ಲೈಬ್ರರಿಯಲ್ಲಿ ಟೈಪ್‌ಟೋಕನ್, ಜ್ಯಾಕ್ಸನ್‌ನಲ್ಲಿ ಟೈಪ್‌ರೆಫರೆನ್ಸ್ ಎಂಬ ಉಪಾಯಗಳಿವೆ: ಚೀಟಿಯನ್ನು ಪ್ರತ್ಯೇಕವಾಗಿ ಕೈಯಲ್ಲಿ ಹಿಡಿದುಕೊಂಡು ಹೋಗುವ ಏರ್ಪಾಡು. ಒಂದೊಂದು ಸೇವೆಗೆ ಪಟ್ಟಿಯ ಹೆಸರು ಯಾವುದು, ಒಳಗಿನ ಮಾಲು ಯಾವುದು ಎಂದು ಎರಡು ಮಾತು ಬರೆದುಕೊಟ್ಟರೆ ಉಳಿದ ಕೋಡ್ ಎಲ್ಲದಕ್ಕೂ ಒಂದೇ ಆಗಬಹುದು. ಇಲ್ಲಿಯವರೆಗೆ ಯಾರದೂ ತಕರಾರಿಲ್ಲ.

ತಕರಾರು ಶುರುವಾಗುವುದು ಪೆಟ್ಟಿಗೆಗೆ ಒಪ್ಪಿದ ನಿಯಮವನ್ನು ಒಳಗಿನ ಮಾಲಿಗೂ ಹಚ್ಚಿದಾಗ. ‘ರೆಕಾರ್ಡ್ಸ್’ ಮತ್ತು ‘ರಿಸಲ್ಟ್’ ಒಂದೇ ಎಂದು ಹೇಳಬಹುದಾದರೆ ‘ತಾಲ್ಲೂಕ್’ ಮತ್ತು ‘ಮಂಡಲ್’ ಒಂದೇ ಎಂದು ಯಾಕೆ ಹೇಳಬಾರದು? ‘ಕೇರ್‌ಆಫ್’ ಮತ್ತು ‘ತಂದೆಯ ಹೆಸರು’? ‘ಸರ್‌ನೇಮ್’ ಮತ್ತು ‘ಲಾಸ್ಟ್‌ನೇಮ್’? ಹೀಗೆ ಸೇರಿಸಲು ಸಾಧನಗಳು ಕೈಗೆಟಕುವಲ್ಲೇ ಇವೆ. ಜೀಸನ್ 2015ರಲ್ಲಿ ಒಂದು ಫೀಲ್ಡಿಗೆ ಬದಲಿ ಹೆಸರುಗಳನ್ನು ಕೊಡುವ ಅವಕಾಶ ತಂದಿತು. ಜ್ಯಾಕ್ಸನ್ 2017ರಲ್ಲಿ ಅಲಿಯಾಸ್ ಎಂಬ ಹೆಸರಿನಲ್ಲೇ ಅದನ್ನು ಕೊಟ್ಟಿತು. ರಸ್ಟ್ ಭಾಷೆಯ ಸೆರ್ಡೆಯಲ್ಲೂ ಇದೆ, ಪೈಥಾನಿನ ಪೈಡ್ಯಾಂಟಿಕ್‌ನಲ್ಲೂ ಇದೆ. ಒಂದು ಸಾಲು ಬರೆದರೆ ಐದು ಹೆಸರುಗಳು ಒಂದಾಗುತ್ತವೆ. ಆ ಐದೂ ನಿಜಕ್ಕೂ ಒಂದೇ ಹೌದೇ ಎಂಬ ಪ್ರಶ್ನೆಯನ್ನು ಲೈಬ್ರರಿ ಕೇಳುವುದಿಲ್ಲ. ಕೇಳುವುದು ಅದರ ಕೆಲಸವೂ ಅಲ್ಲ.

ವಿಭಕ್ತಿ ಕಲಿತವರಿಗೆ ಗೊತ್ತಿರುವ ಸಂಗತಿ

ಕನ್ನಡ ಬಲ್ಲವರಿಗೆ ಈ ಪ್ರಶ್ನೆ ಹೊಸದೇನಲ್ಲ. ‘ರಾಮ ರಾವಣನನ್ನು ಕೊಂದ’ ಎಂದರೂ ಸರಿ, ‘ರಾವಣನನ್ನು ರಾಮ ಕೊಂದ’ ಎಂದರೂ ಸರಿ. ಪದಗಳ ಜಾಗ ಬದಲಾದರೂ ಕೊಂದವನು ಯಾರು, ಸತ್ತವನು ಯಾರು ಎಂಬುದು ಬದಲಾಗುವುದಿಲ್ಲ. ‘ಅನ್ನು’ ಎಂಬ ಪ್ರತ್ಯಯ ಆ ಲೆಕ್ಕ ಇಟ್ಟುಕೊಂಡಿರುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸ ಪದದ ಜಾಗದ್ದು. ಜಾಗ ಬದಲಾದರೆ ರಾಮನೇ ಸಾಯುತ್ತಾನೆ. ಜೇಸನ್ ಈ ವಿಷಯದಲ್ಲಿ ಕನ್ನಡದ ಹಾಗೆ. ಅದರಲ್ಲಿ ಯಾವ ಮಾಹಿತಿ ಮೊದಲು, ಯಾವುದು ನಂತರ ಎಂಬುದಕ್ಕೆ ಮಹತ್ವವಿಲ್ಲ, ಹೆಸರೇ ಪ್ರತ್ಯಯದಂತೆ ಕೆಲಸ ಮಾಡುತ್ತದೆ. ಆಧಾರ್ ಕಾರ್ಡಿನ ಮೇಲಿರುವ ಸೆಕ್ಯೂರ್ ಕ್ಯೂಆರ್ ಸಂಕೇತ ಇಂಗ್ಲಿಷಿನ ಹಾಗೆ. ಅದರಲ್ಲಿ ಹೆಸರುಗಳೇ ಇಲ್ಲ, ಎಷ್ಟನೆಯ ಜಾಗದಲ್ಲಿ ಏನಿದೆ ಎಂಬುದರ ಮೇಲೆ ಅರ್ಥ ನಿಂತಿದೆ.

ಇನ್ನೂ ಮುಂದಕ್ಕೆ ಹೋಗಬಹುದು. ‘ಮನೆಗೆ’, ‘ಮರಕ್ಕೆ’, ‘ಊರಿಗೆ’ ಈ ಮೂರರಲ್ಲಿ ಪ್ರತ್ಯಯದ ರೂಪ ಮೂರು, ಕೆಲಸ ಒಂದು. ಮೂರನ್ನೂ ಚತುರ್ಥಿ ಎಂದು ಒಂದೇ ಹೆಸರಿನಲ್ಲಿ ಸೇರಿಸಿದರೆ ಏನೂ ನಷ್ಟವಿಲ್ಲ. ಇದು ನಿಜವಾದ ಅಲಿಯಾಸ್. ಆದರೆ ‘ಚಾಕುವಿನಿಂದ ಕುಯ್ದ’ ಮತ್ತು ‘ಬೀದರಿನಿಂದ ಬಂದ’ ಎಂಬಲ್ಲಿ ರೂಪ ಒಂದು, ಕೆಲಸ ಎರಡು. ಚಾಕು ಸಾಧನ, ಬೀದರ್ ಹೊರಟ ಜಾಗ. ರೂಪ ನೋಡಿ ಎರಡನ್ನೂ ಒಂದೇ ಅಚ್ಚಿಗೆ ಹಾಕುವ ಅನುವಾದಕ ಎಲ್ಲೋ ಒಂದು ಕಡೆ ಬೀದರನ್ನು ಹಿಡಿದು ತರಕಾರಿ ಹೆಚ್ಚುತ್ತಾನೆ.

ಫೀಲ್ಡ್ ಹೆಸರುಗಳ ವ್ಯತ್ಯಾಸವೂ ಹೀಗೆಯೇ ಬೇರೆ ಬೇರೆ ಜಾತಿಯದು. ಬರಿಯ ರೂಪಭೇದ ಒಂದು. ಒಂದೇ ಹೆಸರಿನಡಿ ಬೇರೆ ಬೇರೆ ಅರ್ಥ ಇರುವುದು ಇನ್ನೊಂದು. ಹೆಸರೇ ಮಾಯವಾಗಿರುವುದು ಮೂರನೆಯದು. ಮೂರಕ್ಕೂ ಒಂದೇ ಔಷಧಿ ಕೊಡುವುದೇ ಈ ಕಸುಬಿನ ಇಂದಿನ ತಪ್ಪು. ಒಂದೊಂದಕ್ಕೂ ಉದಾಹರಣೆ ಹುಡುಕಲು ದೂರ ಹೋಗಬೇಕಿಲ್ಲ.

ಒಂದೇ ಮನೆಯ ಎರಡು ರೂಢಿ

ರೂಪಭೇದದ ಉದಾಹರಣೆ ಆಧಾರ್‌ನಲ್ಲೇ ಇದೆ. ಪ್ರಾಧಿಕಾರದ ಆನ್‌ಲೈನ್ ಇಕೆವೈಸಿ ವಿಳಾಸದಲ್ಲಿ ‘ಸಿಓ’ ಮತ್ತು ‘ಎಲ್‌ಎಂ’ ಎಂಬ ಎರಡಕ್ಷರದ ಹೆಸರುಗಳಿವೆ. ಅದೇ ಪ್ರಾಧಿಕಾರ ಕೊಡುವ ಆಫ್‌ಲೈನ್ ಇಕೆವೈಸಿ ಕಡತದಲ್ಲಿ ಅವು ‘ಕೇರ್‌ಆಫ್’ ಮತ್ತು ‘ಲ್ಯಾಂಡ್‌ಮಾರ್ಕ್’ ಎಂದು ಪೂರ್ತಿಯಾಗಿವೆ. ಹಾಗೆಂದು ‘ಪಿಸಿ’ ಮತ್ತು ‘ಪಿಓ’ ಪೂರ್ತಿಯಾಗಿಲ್ಲ, ಎರಡೂ ಕಡೆ ಎರಡಕ್ಷರದಲ್ಲೇ ಇವೆ. ಊರು, ಪಟ್ಟಣ, ನಗರ ಮೂರಕ್ಕೂ ಸೇರಿ ಇರುವ ‘ವಿಟಿಸಿ’ ಕೂಡ ಹಾಗೆಯೇ. ಒಂದೇ ಸಂಸ್ಥೆ, ಒಂದೇ ಮಾಹಿತಿ, ಒಂದೇ ನಾಗರಿಕ, ಎರಡು ರೂಢಿ. ‘ಸಿಓ’ ಬಂದರೂ ‘ಕೇರ್‌ಆಫ್’ ಬಂದರೂ ಒಂದೇ ಎಂದು ಅಲಿಯಾಸ್ ಬರೆಯುವವರನ್ನು ಯಾರೂ ಬೈಯಬೇಕಿಲ್ಲ. ಬೈಯುವುದಾದರೆ ಒಂದೇ ಹೆಸರಿಗೆ ಅಂಟಿಕೊಳ್ಳದ ಪ್ರಕಾಶಕರನ್ನು ಬೈಯಬೇಕು.

ಕೃಷಿ ಮಾರುಕಟ್ಟೆಗಳ ದಿನದ ಧಾರಣೆ ಇನ್ನೊಂದು ಉದಾಹರಣೆ. ಸರ್ಕಾರಿ ದತ್ತಾಂಶ ತಾಣದ ಎಪಿಐಯಲ್ಲಿ ‘ಮಿನ್ ಪ್ರೈಸ್’ ಎಂಬ ಫೀಲ್ಡ್ ಇದ್ದರೆ, ಅದೇ ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ ಇಳಿಸಿಕೊಂಡವರಿಗೆ ‘ಮಿನ್’ ಮತ್ತು ‘ಪ್ರೈಸ್’ ನಡುವೆ ‘ಎಕ್ಸ್0020’ ಎಂಬ ವಿಚಿತ್ರ ಬಾಲ ಕಾಣುತ್ತಿತ್ತು. ಅದು ಎರಡು ಪದಗಳ ನಡುವಿನ ಖಾಲಿ ಜಾಗದ ಸಂಕೇತ. ಯಾವುದೋ ಯಂತ್ರ ಖಾಲಿ ಜಾಗವನ್ನು ಸಂಕೇತವಾಗಿ ಬರೆಯಿತು, ಬಿಡಿಸಿ ಓದಬೇಕಾದವರು ಬಿಡಿಸದೆ ಪ್ರಕಟಿಸಿದರು. ಇಲ್ಲಿಯೂ ಅಲಿಯಾಸ್ ಸರಿ. ಆದರೆ ಅದೇ ಸಾಲಿನಲ್ಲಿ ಕನಿಷ್ಠ, ಗರಿಷ್ಠ, ‘ಮೋಡಲ್’ ಎಂದು ಮೂರು ದರಗಳಿವೆ. ಮೋಡಲ್ ಎಂದರೆ ಅಂದು ಹೆಚ್ಚಿನ ಮಾಲು ಮಾರಾಟವಾದ ದರ, ಸರಾಸರಿಯಲ್ಲ. ಎಲ್ಲ ಮೂಲಗಳಿಗೂ ಹೊಂದಲಿ ಎಂದು ‘ಪ್ರೈಸ್’ ಎಂಬ ಒಂದೇ ಫೀಲ್ಡ್ ಇಟ್ಟು, ಒಂದು ಮೂಲದ ಮೋಡಲ್ ದರವನ್ನೂ ಇನ್ನೊಂದರ ಗರಿಷ್ಠ ದರವನ್ನೂ ಅದಕ್ಕೆ ಸುರಿದರೆ ಏನಾಗುತ್ತದೆ? ಕಲಬುರಗಿಯ ತೊಗರಿ ಬೆಳೆಗಾರ ಮೊಬೈಲಿನಲ್ಲಿ ಎರಡು ಮಾರುಕಟ್ಟೆಗಳ ದರ ಹೋಲಿಸಿ, ಬಾಡಿಗೆ ಕೊಟ್ಟು, ಮಾಲು ಸಾಗಿಸಿ, ಅಲ್ಲಿ ಹೋದ ಮೇಲೆ ನಿಜ ತಿಳಿಯುತ್ತಾನೆ. ಕೋಡಿನಲ್ಲಿ ಎಲ್ಲಿಯೂ ದೋಷ ಕಾಣುವುದಿಲ್ಲ.

ಪದ ಒಂದೇ, ಗಡಿ ದಾಟಿದರೆ ಅರ್ಥ ಬೇರೆ

ಹಿಮಾಯತ್‌ನಗರಕ್ಕೆ ಮರಳಿದರೆ ಎರಡನೆಯ ಜಾತಿ ಸಿಗುತ್ತದೆ. ಆಧಾರ್ ವಿಳಾಸದಲ್ಲಿ ‘ಸಬ್‌ಡಿಸ್ಟ್’ ಎಂಬ ಫೀಲ್ಡ್ ಇದೆ. ಇಡೀ ದೇಶಕ್ಕೆ ಹೊಂದಬೇಕೆಂದು ಆರಿಸಿದ ಸಾಮಾನ್ಯ ಹೆಸರು ಅದು. ಕರ್ನಾಟಕದವರಿಗೆ ಅದು ತಾಲ್ಲೂಕು. ತೆಲಂಗಾಣದವರಿಗೆ ಮಂಡಲ. 1985ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಅವಿಭಜಿತ ಆಂಧ್ರಪ್ರದೇಶದಲ್ಲಿ ತಾಲ್ಲೂಕುಗಳನ್ನು ತೆಗೆದು ಅದಕ್ಕಿಂತ ಚಿಕ್ಕದಾದ ಮಂಡಲಗಳನ್ನು ಮಾಡಿತು. ಕರ್ನಾಟಕದಲ್ಲಿಯೂ ಅದೇ ಕಾಲಕ್ಕೆ ‘ಮಂಡಲ’ ಎಂಬ ಪದ ಬಂದಿತ್ತು, ಆದರೆ 1983ರ ಕಾಯ್ದೆಯ ಮಂಡಲ ಪಂಚಾಯಿತಿ ಎಂದರೆ ಕೆಲವು ಹಳ್ಳಿಗಳ ಗುಂಪು. 1993ರ ಪಂಚಾಯತ್ ರಾಜ್ ಕಾಯ್ದೆ ಅದರ ಜಾಗಕ್ಕೆ ಗ್ರಾಮ ಪಂಚಾಯಿತಿ ತಂದಿತು. ಒಂದೇ ದಶಕ, ಅಕ್ಕಪಕ್ಕದ ಎರಡು ರಾಜ್ಯ, ಒಂದೇ ಪದ, ಎರಡು ಅಳತೆ. ಹಳೆಯ ದಾಖಲೆ ಓದುವ ಪ್ರೋಗ್ರಾಮಿಗೆ ‘ಮಂಡಲ್’ ಎಂದರೆ ‘ಸಬ್‌ಡಿಸ್ಟ್’ ಎಂದು ಅಲಿಯಾಸ್ ಬರೆದಿಟ್ಟರೆ ಗಡಿಯ ಆಚೆ ಸರಿ, ಈಚೆ ತಪ್ಪು.

ಮೂರನೆಯ ಜಾತಿ, ಅಂದರೆ ಕಾಣೆಯಾದ ಫೀಲ್ಡ್, ಇನ್ನೂ ಕೆಟ್ಟದ್ದು. ಅಂಚೆ ಇಲಾಖೆಯ ಅಖಿಲ ಭಾರತ ಪಿನ್‌ಕೋಡ್ ಪಟ್ಟಿ ಸರ್ಕಾರಿ ದತ್ತಾಂಶ ತಾಣದಲ್ಲಿ ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆ ಕಾಲಂಗಳೊಂದಿಗೆ ಬಂದಿದೆ. ಹಳೆಯ ಆವೃತ್ತಿಯಲ್ಲಿ ‘ಡಿಸ್ಟ್ರಿಕ್ಟ್‌ನೇಮ್’ ಎಂದಿದ್ದದ್ದು ಹೊಸದರಲ್ಲಿ ‘ಡಿಸ್ಟ್ರಿಕ್ಟ್’. ಹಳೆಯದರ ‘ಡೆಲಿವರಿಸ್ಟೇಟಸ್’ ಹೊಸದರಲ್ಲಿ ಬರೀ ‘ಡೆಲಿವರಿ’. ‘ಆಫೀಸ್‌ಟೈಪ್’ನಲ್ಲಿ ಒಂದು ದೊಡ್ಡಕ್ಷರ ಚಿಕ್ಕಕ್ಷರವಾಯಿತು. ಇವೆಲ್ಲ ರೂಪಭೇದ. ಆದರೆ ಹಳೆಯದರಲ್ಲಿದ್ದ ‘ತಾಲ್ಲೂಕ್’ ಎಂಬ ಕಾಲಂ ಹೊಸದರಲ್ಲಿ ಇಲ್ಲವೇ ಇಲ್ಲ.

ಈಗ ಅಲಿಯಾಸ್ ಬರೆದು ಮುಗಿಸಿದ ಪ್ರೋಗ್ರಾಮು ಏನು ಮಾಡುತ್ತದೆ ನೋಡಬೇಕು. ಡಿಸ್ಟ್ರಿಕ್ಟ್ ಸರಿಯಾಗಿ ಸಿಗುತ್ತದೆ, ಡೆಲಿವರಿ ಸಿಗುತ್ತದೆ. ತಾಲ್ಲೂಕ್ ಸಿಗುವುದಿಲ್ಲ. ಜೀಸನ್ ಆದರೆ ಸದ್ದಿಲ್ಲದೆ ಖಾಲಿ ಬಿಟ್ಟು ಮುಂದೆ ಹೋಗುತ್ತದೆ. ತನಗೆ ಗೊತ್ತಿಲ್ಲದ ಹೊಸ ಫೀಲ್ಡ್ ಬಂದರೂ ಅದು ಸದ್ದು ಮಾಡುವುದಿಲ್ಲ. ಜ್ಯಾಕ್ಸನ್‌ನ ಎರಡನೇ ಸರಣಿಯ ಆವೃತ್ತಿಗಳು ಅಪರಿಚಿತ ಫೀಲ್ಡ್ ಬಂದರೆ ತಾವಾಗಿಯೇ ತಕರಾರು ತೆಗೆಯುತ್ತವೆ, ಆದರೆ ಆ ತಕರಾರನ್ನು ಆರಿಸಿಬಿಡುವುದೇ ಬಹಳ ಪ್ರಾಜೆಕ್ಟುಗಳಲ್ಲಿ ಮೊದಲ ದಿನದ ಕೆಲಸ. ‘ಹೆಸರು ಬದಲಾಗಿದೆ’ ಎಂಬುದಕ್ಕೂ ‘ಮಾಹಿತಿಯೇ ಇಲ್ಲ’ ಎಂಬುದಕ್ಕೂ ಇರುವ ವ್ಯತ್ಯಾಸ ಹೀಗೆ ಅಳಿಸಿಹೋಗುತ್ತದೆ. ತಾಲ್ಲೂಕಿನ ಮೇಲೆ ನಿಂತ ಲೆಕ್ಕವೆಲ್ಲ ಮರುದಿನದಿಂದ ಖಾಲಿ ಮೌಲ್ಯದ ಮೇಲೆ ನಿಂತಿರುತ್ತದೆ, ಮತ್ತು ಯಾರ ಪರದೆಯ ಮೇಲೂ ಕೆಂಪಕ್ಷರ ಮೂಡುವುದಿಲ್ಲ.

ಎರಡು ಹೆಸರುಗಳು ಒಟ್ಟಿಗೇ ಬಂದರೆ? ಸೆರ್ಡೆ ‘ಒಂದೇ ಫೀಲ್ಡ್ ಎರಡು ಸಲ ಬಂದಿದೆ’ ಎಂದು ನಿಲ್ಲಿಸುತ್ತದೆ. ಜೀಸನ್ ಕೊನೆಗೆ ಓದಿದ್ದನ್ನು ಇಟ್ಟುಕೊಳ್ಳುತ್ತದೆ. ಯಾರದೋ ಹಳೆಯ ವಿಳಾಸ ಉಳಿಯಬೇಕೋ ಹೊಸ ವಿಳಾಸ ಉಳಿಯಬೇಕೋ ಎಂಬುದನ್ನು ಬರಹದಲ್ಲಿ ಯಾವುದು ಕೆಳಗಿದೆ ಎಂಬ ಆಕಸ್ಮಿಕ ತೀರ್ಮಾನಿಸುತ್ತದೆ.

ಹೆಸರಿಗೇ ಬಂದ ಕುತ್ತು

ವಿಳಾಸ ತಪ್ಪಿದರೆ ಪಾರ್ಸೆಲ್ ವಾಪಸಾಗಬಹುದು. ವ್ಯಕ್ತಿಯ ಹೆಸರು ತಪ್ಪಿದರೆ ವಾಪಸಾಗುವುದು ಮನುಷ್ಯ.

ಹಿಮಾಯತ್‌ನಗರದಿಂದ ಸ್ವಲ್ಪವೇ ದೂರದ ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ, ನೃಪತುಂಗ ಶಾಲೆಯಿದೆ. ಬೀದರ್, ಕಲಬುರಗಿ, ರಾಯಚೂರು ನಿಜಾಮನ ಆಳ್ವಿಕೆಯಲ್ಲಿದ್ದ ಕಾಲದಿಂದ ಆ ಕಡೆ ಕನ್ನಡದ ಮನೆಗಳಿವೆ. ಅಲ್ಲಿಯ ಯಾವುದೇ ಶಾಲೆಯ ಹಾಜರಿ ಪುಸ್ತಕ ತೆರೆದರೆ ಮೂರು ಬಗೆಯ ಹೆಸರುಗಳು ಅಕ್ಕಪಕ್ಕ ಕೂತಿರುತ್ತವೆ. ಪಿ.ವಿ. ನರಸಿಂಹರಾವ್ ಎಂಬಲ್ಲಿ ಮೊದಲ ‘ಪಿ’ ಪಾಮುಲಪರ್ತಿ, ಅದು ಮನೆತನದ ಹೆಸರು. ತೆಲುಗಿನಲ್ಲಿ ಮನೆತನ ಮೊದಲು ಬರುತ್ತದೆ. ಕೆ.ವಿ. ಪುಟ್ಟಪ್ಪ ಎಂಬಲ್ಲಿ ‘ಕೆ’ ಊರು, ‘ವಿ’ ತಂದೆ, ಕೊನೆಯದು ಸ್ವಂತ ಹೆಸರು. ದ.ರಾ. ಬೇಂದ್ರೆ ಎಂಬಲ್ಲಿ ಮೊದಲನೆಯದು ಸ್ವಂತ ಹೆಸರು, ನಡುವಿನದು ತಂದೆ, ಕೊನೆಯದು ಮನೆತನ. ಮೂವರದೂ ಮೂರು ಭಾಗದ ಹೆಸರೇ. ಮೂವರನ್ನೂ ಫಸ್ಟ್, ಮಿಡ್ಲ್, ಲಾಸ್ಟ್ ಎಂಬ ಮೂರು ಕಾಲಂಗೆ ಇದ್ದ ಕ್ರಮದಲ್ಲೇ ಸುರಿಯಬಹುದು, ಯಾವ ಯಂತ್ರವೂ ತಡೆಯುವುದಿಲ್ಲ. ಆದರೆ ಸುರಿದ ಮೇಲೆ ‘ಲಾಸ್ಟ್’ ಎಂದರೆ ಒಬ್ಬರ ಮನೆತನ, ಇನ್ನಿಬ್ಬರ ಸ್ವಂತ ಹೆಸರು.

ಇದಕ್ಕಿಂತ ತೀಕ್ಷ್ಣವಾದ ಪ್ರಸಂಗ ಒಂದೇ ಪದದ ಹೆಸರಿನವರದು. ‘ಮಂಜುಳಾ’ ಎಂದಷ್ಟೇ ಹೆಸರಿರುವ ಹೆಣ್ಣುಮಗಳೊಬ್ಬಳನ್ನು ಊಹಿಸಿಕೊಳ್ಳಬಹುದು. ಆಧಾರ್‌ನಲ್ಲಿ ಹೆಸರಿಗೆ ಒಂದೇ ಫೀಲ್ಡ್, ಅಲ್ಲಿ ‘ಮಂಜುಳಾ’. ಪ್ಯಾನ್ ಕಾರ್ಡಿಗೆ ಬಹುಕಾಲ ಬಳಕೆಯಲ್ಲಿದ್ದ 49ಎ ಫಾರಮ್ಮಿನ ಸೂಚನೆ ಪ್ರಕಾರ ಒಂದೇ ಹೆಸರಿನವರು ಅದನ್ನು ‘ಲಾಸ್ಟ್‌ನೇಮ್’ ಕಾಲಂನಲ್ಲಿ ಬರೆಯಬೇಕು, ಉಳಿದದ್ದು ಖಾಲಿ. ಪಾಸ್‌ಪೋರ್ಟ್ ಅರ್ಜಿಯಲ್ಲಿ ‘ಗಿವನ್‌ನೇಮ್’ ಕಡ್ಡಾಯ, ‘ಸರ್‌ನೇಮ್’ ಖಾಲಿ ಬಿಡಬಹುದು. ಹಾಗಾಗಿ ಅಲ್ಲಿ ಅದೇ ‘ಮಂಜುಳಾ’ ಇನ್ನೊಂದು ತುದಿಗೆ ಹೋಗುತ್ತದೆ.

ಈ ಮೂರನ್ನೂ ಓದುವ ಒಂದು ಪ್ರೋಗ್ರಾಮು ಬರೆಯಬೇಕು ಎಂದಾಗ ಸಿಗುವ ಸಲಹೆ ಗೊತ್ತಿರುವುದೇ. ‘ವ್ಯಕ್ತಿ’ ಎಂದು ಒಂದು ಅಚ್ಚು ಮಾಡು, ಫಸ್ಟ್‌ನೇಮ್‌ಗೆ ಗಿವನ್‌ನೇಮ್ ಅಲಿಯಾಸ್, ಲಾಸ್ಟ್‌ನೇಮ್‌ಗೆ ಸರ್‌ನೇಮ್ ಅಲಿಯಾಸ್, ಮುಗಿಯಿತು. ಪ್ರತಿಯೊಂದು ಅಲಿಯಾಸನ್ನೂ ನಿಘಂಟು ಹಿಡಿದು ನೋಡಿದರೆ ಸರಿಯೇ. ಆದರೂ ಪ್ಯಾನಿನಿಂದ ಬಂದ ವ್ಯಕ್ತಿಗೆ ಲಾಸ್ಟ್‌ನೇಮ್ ಮಂಜುಳಾ, ಫಸ್ಟ್‌ನೇಮ್ ಖಾಲಿ. ಪಾಸ್‌ಪೋರ್ಟಿನಿಂದ ಬಂದ ವ್ಯಕ್ತಿಗೆ ಫಸ್ಟ್‌ನೇಮ್ ಮಂಜುಳಾ, ಲಾಸ್ಟ್‌ನೇಮ್ ಖಾಲಿ. ಎರಡನ್ನೂ ಹೋಲಿಸಿದರೆ ಯಂತ್ರ ಹೇಳುವುದು: ಇವರು ಬೇರೆ ಬೇರೆ ಮಂದಿ. ಪದಕ್ಕೆ ಪದ ಸರಿಯಿದ್ದು ವಾಕ್ಯ ಸುಳ್ಳಾಗುವುದು ಎಂದರೆ ಇದೇ. ಅನುವಾದದ ಕೆಲಸ ಮಾಡಿದವರೆಲ್ಲ ಈ ಗುಂಡಿಯಲ್ಲಿ ಒಮ್ಮೆಯಾದರೂ ಬಿದ್ದಿರುತ್ತಾರೆ.

ಇದು ಕಾಲ್ಪನಿಕ ಕಷ್ಟವಲ್ಲ. ಪ್ಯಾನ್ ಮತ್ತು ಆಧಾರ್ ಜೋಡಿಸಲು ಎರಡರಲ್ಲೂ ಹೆಸರು, ಹುಟ್ಟಿದ ದಿನ ಹೊಂದಬೇಕು. 2023ರ ಜೂನ್ 30ರ ಗಡುವಿನೊಳಗೆ ಜೋಡಿಸದವರ ಪ್ಯಾನ್ ನಿಷ್ಕ್ರಿಯವಾಯಿತು. 2022ರ ನವೆಂಬರಿನಲ್ಲಿ ಯುಎಇ ಒಂದೇ ಹೆಸರಿರುವ ಪಾಸ್‌ಪೋರ್ಟ್ ಹಿಡಿದ ಸಂದರ್ಶಕರಿಗೆ ಪ್ರವೇಶವಿಲ್ಲ ಎಂದು ಪ್ರಕಟಿಸಿತು. ಒಂದೇ ಹೆಸರು ಇಟ್ಟುಕೊಳ್ಳುವುದು ದಕ್ಷಿಣದ ಎಷ್ಟೋ ಮನೆಗಳಲ್ಲಿ ತಲೆಮಾರುಗಳ ರೂಢಿ. ಯಾರದೋ ಅಚ್ಚಿನಲ್ಲಿ ಎರಡು ಗುಳಿ ಇದ್ದವು ಎಂಬ ಕಾರಣಕ್ಕೆ ಆ ರೂಢಿ ಅಪರಾಧದ ಹತ್ತಿರ ಬಂದು ನಿಂತಿದೆ.

‘ಕೇರ್‌ಆಫ್’ನ ಕಥೆ ಇನ್ನೂ ಸೂಕ್ಷ್ಮ. ಆಧಾರ್ ವಿಳಾಸದ ಆ ಫೀಲ್ಡಿನಲ್ಲಿ ತಂದೆಯ ಹೆಸರಿರಬಹುದು, ಗಂಡನದಿರಬಹುದು, ಪೋಷಕರದಿರಬಹುದು, ಖಾಲಿಯೂ ಇರಬಹುದು. ಅದು ಸಂಬಂಧ ಹೇಳುವ ಫೀಲ್ಡೇ ಅಲ್ಲ, ಪತ್ರ ಯಾರ ಮನೆಗೆ ತಲುಪಬೇಕು ಎಂದು ಹೇಳುವುದು. ಅರ್ಜಿಯ ಅಚ್ಚಿನಲ್ಲಿ ‘ತಂದೆಯ ಹೆಸರು’ ಎಂಬ ಫೀಲ್ಡ್ ಖಾಲಿ ಉಳಿಯಬಾರದೆಂದು ಕೇರ್‌ಆಫ್ ಅನ್ನು ಅದಕ್ಕೆ ಅಲಿಯಾಸ್ ಮಾಡಿದ ದಿನ, ಮದುವೆಯಾದ ಹೆಣ್ಣಿಗೆ ಗಂಡನೇ ತಂದೆಯಾಗುತ್ತಾನೆ. ವಿದ್ಯಾರ್ಥಿವೇತನ, ಪಿಂಚಣಿ, ಆಸ್ತಿಯ ಖಾತೆ, ಯಾವುದಕ್ಕೆ ಹೋದರೂ ಆಕೆ ತಾನು ಬರೆಯದ ಸುಳ್ಳನ್ನು ತಿದ್ದಿಸಲು ಅಫಿಡವಿಟ್ ಮಾಡಿಸಬೇಕು.

ಡೆವಲಪರ್‌ಗಳ ವಾದವೂ ಇದೆ

ಎದುರು ವಾದ ಇಲ್ಲವೆಂದಲ್ಲ. ಮೊದಲನೆಯದು ಸಮಯದ್ದು. ಸೋಮವಾರ ಬೆಳಿಗ್ಗೆ ಹೊಸ ಸೇವೆ ಜೋಡಿಸಿ ಸಂಜೆಗೆ ತೋರಿಸಬೇಕು ಎಂದು ಹೇಳುವ ಮ್ಯಾನೇಜರ್ ಎದುರು ‘ತಾಲ್ಲೂಕು ಬೇರೆ, ಮಂಡಲ ಬೇರೆ’ ಎಂದು ಪಾಠ ಮಾಡಲಾಗುವುದಿಲ್ಲ. ಇದು ನಿಜ. ಆದರೆ ಸಂಜೆಗೆ ಉಳಿಸಿದ ಆ ಎರಡು ಗಂಟೆಯನ್ನು ಆಮೇಲೆ ಮೀಸೇವಾ ಕೇಂದ್ರಗಳ, ಬೆಂಗಳೂರು ಒನ್ ಕೌಂಟರುಗಳ ಸಾಲಿನಲ್ಲಿ ನಿಂತವರು ಅರ್ಧ ದಿನದ ಕೂಲಿಯ ರೂಪದಲ್ಲಿ ಕಟ್ಟುತ್ತಾರೆ. ಸಮಯ ಉಳಿಯಲಿಲ್ಲ, ಅದು ಒಬ್ಬರ ಲೆಕ್ಕದಿಂದ ಇನ್ನೊಬ್ಬರ ಲೆಕ್ಕಕ್ಕೆ ಹೋಯಿತು.

ಎರಡನೆಯ ವಾದಕ್ಕೆ ಹೆಚ್ಚು ತೂಕವಿದೆ. ಪ್ರತಿ ಮೂಲಕ್ಕೂ ಬೇರೆ ಅಚ್ಚು ಬರೆಯುತ್ತಾ ಹೋದರೆ ಕೋಡ್ ನೂರು ಕಡೆ ಚದುರುತ್ತದೆ, ಒಂದು ತಪ್ಪನ್ನು ನೂರು ಕಡೆ ತಿದ್ದಬೇಕಾಗುತ್ತದೆ, ತಿದ್ದುವಾಗ ಹೊಸ ತಪ್ಪು ಸೇರುತ್ತದೆ. ಸಾಮಾನ್ಯ ಅಚ್ಚು ಹುಟ್ಟಿದ್ದೇ ಈ ನೋವಿನಿಂದ. ಈ ವಾದವನ್ನು ಒಪ್ಪಲೇಬೇಕು. ಆದರೆ ಅದು ಹೇಳುವುದು ಕೊನೆಯಲ್ಲಿ ಒಂದೇ ಅಚ್ಚು ಇರಲಿ ಎಂದು ಮಾತ್ರ. ಆ ಅಚ್ಚಿಗೆ ಹೋಗುವ ದಾರಿಯಲ್ಲಿ ಯಾರೂ ನಿಂತು ಯೋಚಿಸಬಾರದು ಎಂದೇನೂ ಅದು ಹೇಳುವುದಿಲ್ಲ. ಅಲಿಯಾಸ್ ಮಾಡುವ ಅಪಚಾರ ಇಲ್ಲಿರುವುದು: ಅದು ಅನುವಾದವನ್ನು ಕಾಗುಣಿತದ ತಿದ್ದುಪಡಿ ಎಂದು ತೋರಿಸುತ್ತದೆ.

ಮೂರನೆಯ ವಾದ: ‘ಖಾಲಿ ಬಂದರೆ ಬರಲಿ, ಆ್ಯಪ್ ನಿಲ್ಲಬಾರದು.’ ಹಾಡು ಕೇಳಿಸುವ ಆ್ಯಪ್‌ಗೆ ಇದು ಸರಿ. ಒಂದು ಆಲ್ಬಂ ಹೆಸರು ಕಾಣದಿದ್ದರೆ ಯಾರೂ ಉಪವಾಸ ಬೀಳುವುದಿಲ್ಲ. ಪಡಿತರಕ್ಕೂ ಪಿಂಚಣಿಗೂ ಇದೇ ನಿಯಮ ಹಚ್ಚುವುದು ಸರಿಯಲ್ಲ. ಯಂತ್ರ ‘ನನಗೆ ಅರ್ಥವಾಗಲಿಲ್ಲ’ ಎಂದು ನಿಂತರೆ ಒಬ್ಬ ಗುಮಾಸ್ತ ಕಾಗದ ನೋಡಿ ಸರಿಮಾಡಬಹುದು. ಅರ್ಥವಾದಂತೆ ನಟಿಸಿ ಮುಂ‍ದೆ ಹೋದರೆ ಯಾರಿಗೂ ಸರಿಮಾಡುವ ಅವಕಾಶವೇ ಸಿಗುವುದಿಲ್ಲ.

ಯಂತ್ರ ಊಹಿಸಲು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿನ ದೊಡ್ಡ ಉದಾಹರಣೆ ಜೀವಶಾಸ್ತ್ರದಲ್ಲಿದೆ. ಮಾರ್ಚ್1, ಸೆಪ್ಟ್1 ಎಂಬ ಹೆಸರಿನ ವಂಶವಾಹಿಗಳನ್ನು ಎಕ್ಸೆಲ್ ದಿನಾಂಕಗಳೆಂದು ತಿಳಿದು ಬದಲಿಸಿಬಿಡುತ್ತಿತ್ತು. ಕೊನೆಗೆ ವಂಶವಾಹಿಗಳ ಹೆಸರಿನ ಸಮಿತಿಯೇ ಅವುಗಳ ಹೆಸರು ಬದಲಿಸಿ, 2020ರಲ್ಲಿ ಹೊಸ ಮಾರ್ಗಸೂಚಿ ಪ್ರಕಟಿಸಿತು. ಹಿಮಾಯತ್‌ನಗರದ 3-6 ಎಂದು ಶುರುವಾಗುವ ಮನೆ ನಂಬರಿನ ಮೂರನೇ ಅಂಕಿ ಚಿಕ್ಕದಾಗಿದ್ದರೆ ಅದೇ ಎಕ್ಸೆಲ್ ಅದನ್ನೂ ಜೂನ್ ಮೂರನೇ ತಾರೀಕು ಎಂದು ಓದುತ್ತದೆ. ವಿಜ್ಞಾನಿಗಳು ವಂಶವಾಹಿಯ ಹೆಸರು ಬದಲಿಸಿಕೊಂಡರು. ಮನೆಯವರು ಬಾಗಿಲ ಮೇಲಿನ ನಂಬರ್ ಬದಲಿಸಿಕೊಳ್ಳಬೇಕೇ?

ಏನು ಮಾಡಬೇಕು

ಪರಿಹಾರಕ್ಕೆ ಹೊಸ ಲೈಬ್ರರಿ ಬೇಕಿಲ್ಲ. ಇರುವ ಸಾಧನಗಳನ್ನೇ ಬೇರೆ ಕ್ರಮದಲ್ಲಿ ಬಳಸಿದರೆ ಸಾಕು.

ಹೊರಗಿನ ಪೆಟ್ಟಿಗೆ ಸಾಮಾನ್ಯವಾಗಿರಲಿ. ‘ರೆಕಾರ್ಡ್ಸ್’, ‘ಪೋಸ್ಟ್‌ಆಫೀಸ್’, ‘ಡೇಟಾ’ ಎಂಬ ಹೆಸರನ್ನು ಸೇವೆಗೊಂದರಂತೆ ಬರೆದುಕೊಟ್ಟು, ಒಂದೇ ಜೆನೆರಿಕ್ ಟೈಪಿನಲ್ಲಿ ಬಿಚ್ಚಲಿ. ಒಳಗಿನ ಮಾಲನ್ನು ಮೊದಲು ಮೂಲ ಹೇಗೆ ಕೊಟ್ಟಿತೋ ಹಾಗೆಯೇ, ಅದೇ ಹೆಸರುಗಳಲ್ಲಿ ಓದಲಿ: ಪ್ಯಾನಿನದು ಪ್ಯಾನಿನ ಅಚ್ಚಿನಲ್ಲಿ, ಪಾಸ್‌ಪೋರ್ಟಿನದು ಪಾಸ್‌ಪೋರ್ಟಿನ ಅಚ್ಚಿನಲ್ಲಿ. ಆ ಅಚ್ಚುಗಳು ಹತ್ತು ಸಾಲಿನವು, ಅವುಗಳಿಗೆ ಬುದ್ಧಿ ಬೇಕಿಲ್ಲ. ಅಲ್ಲಿಂದ ತನ್ನ ಸ್ವಂತ ಅಚ್ಚಿಗೆ ತರುವ ಕೆಲಸ ಒಂದು ಹೆಸರುಳ್ಳ ಫಂಕ್ಷನ್ನಿನಲ್ಲಿ, ಕಣ್ಣಿಗೆ ಕಾಣುವಂತೆ ನಡೆಯಲಿ. ‘ಪ್ಯಾನಿನಲ್ಲಿ ಫಸ್ಟ್‌ನೇಮ್ ಖಾಲಿಯಿದ್ದು ಲಾಸ್ಟ್‌ನೇಮ್ ಇದ್ದರೆ ಇದು ಒಂದೇ ಪದದ ಹೆಸರು’ ಎಂಬ ತಿಳಿವಳಿಕೆಗೆ ಜಾಗ ಸಿಗುವುದು ಅಲ್ಲಿ ಮಾತ್ರ. ಅಲಿಯಾಸಿನ ಒಂದು ಸಾಲಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಆ ಫಂಕ್ಷನ್ನನ್ನು ಕನ್ನಡ, ತೆಲುಗು, ಉರ್ದು ಹೆಸರುಗಳ ರೂಢಿ ಬಲ್ಲವರೊಬ್ಬರು ಓದಿ ಒಪ್ಪಬೇಕು. ಅನುವಾದ ಅಚ್ಚಿಗೆ ಹೋಗುವ ಮುಂಚೆ ಎರಡೂ ಭಾಷೆ ಬಲ್ಲವರು ಓದುವ ಹಾಗೆ.

ಅಲಿಯಾಸ್ ಬಳಸಲಿ, ಬರಿಯ ರೂಪಭೇದ ಇರುವಲ್ಲಿ ಮಾತ್ರ: ‘ಸಿಓ’ಗೆ ‘ಕೇರ್‌ಆಫ್’, ‘ಡಿಸ್ಟ್ರಿಕ್ಟ್‌ನೇಮ್’ಗೆ ‘ಡಿಸ್ಟ್ರಿಕ್ಟ್’. ಎರಡೂ ಒಟ್ಟಿಗೆ ಬಂದರೆ ನಿಲ್ಲಿಸಿ ಕೇಳಲಿ. ಕಡ್ಡಾಯ ಫೀಲ್ಡ್ ಬಾರದಿದ್ದರೆ ಖಾಲಿ ತುಂಬದೆ, ಬಂದಿಲ್ಲ ಎಂದು ದಾಖಲಿಸಲಿ. ಮೂಲದ ಉತ್ತರವನ್ನು, ಕಾನೂನು ಇಡಲು ಬಿಡುವ ಮಟ್ಟಿಗೆ, ಬಂದ ರೂಪದಲ್ಲೇ ಇಟ್ಟುಕೊಳ್ಳಲಿ. ತಪ್ಪು ಅನುವಾದವನ್ನು ತಿದ್ದಲು ಮೂಲ ಬೇಕು. ಊರುಗಳ ವಿಷಯದಲ್ಲಿ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ಡೈರೆಕ್ಟರಿ ಇದೆ, ಅದರಲ್ಲಿ ರಾಜ್ಯ, ಜಿಲ್ಲೆ, ಉಪಜಿಲ್ಲೆ, ಹಳ್ಳಿಗೆ ಸಂಕೇತ ಸಂಖ್ಯೆಗಳಿವೆ. ತೆಲಂಗಾಣ 36, ಮಹಾರಾಷ್ಟ್ರ 27, ಕರ್ನಾಟಕ 29. ಆ ಸಂಖ್ಯೆ ಜೊತೆಗಿದ್ದರೆ ನಾಂದೇಡಿನ ಹಿಮಾಯತ್‌ನಗರ ಹೈದರಾಬಾದಿನದರ ಜೊತೆ ಬೆರೆಯುವುದಿಲ್ಲ.

ಪ್ರಕಟಿಸುವ ಇಲಾಖೆಗಳಿಂದ ಕೇಳಬೇಕಾದದ್ದು ಇನ್ನೂ ಸರಳ. ಕಾಲಂ ಹೆಸರು ಬದಲಿಸಿದರೆ ಹಳೆಯ ಹೆಸರು, ಹೊಸ ಹೆಸರು, ಬದಲಾದ ದಿನಾಂಕ ಬರೆದ ಒಂದು ಪುಟ. ಕಾಲಂ ತೆಗೆದರೆ, ತೆಗೆದಿದ್ದೇವೆ ಎಂಬ ಒಂದು ಸಾಲು. ‘ಕೇರ್‌ಆಫ್’ ಎಂದರೆ ಏನು, ಏನಲ್ಲ ಎಂಬ ವಿವರಣೆ, ಜನ ಆಡುವ ಭಾಷೆಗಳಲ್ಲಿ. ರಸ್ತೆಯ ಹೆಸರು ಬದಲಾದರೆ ಗೆಜೆಟ್ಟಿನಲ್ಲಿ ಪ್ರಕಟಿಸುವ ಸರ್ಕಾರಗಳಿಗೆ ಕೋಟ್ಯಂತರ ಜನರ ದಾಖಲೆ ಹಾದುಹೋಗುವ ಕಾಲಂ ಹೆಸರು ಬದಲಾದಾಗ ಅಷ್ಟಾದರೂ ಮಾಡುವುದು ಕಷ್ಟವಲ್ಲ.

ಅಲ್ಲಿಯವರೆಗೆ ಹಿಮಾಯತ್‌ನಗರದ ನಿವಾಸಿ ಅರ್ಜಿ ತುಂಬುವಾಗ ಮಾಡುವುದು ಒಂದೇ. ಲೊಕ್ಯಾಲಿಟಿಯಲ್ಲಿ ಹಿಮಾಯತ್‌ನಗರ, ಪೋಸ್ಟ್ ಆಫೀಸಿನಲ್ಲಿ ಹಿಮಾಯತ್‌ನಗರ, ಮಂಡಲದಲ್ಲಿ ಹಿಮಾಯತ್‌ನಗರ ಎಂದು ಮೂರು ಕಡೆಯೂ ಬರೆದು, ಲ್ಯಾಂಡ್‌ಮಾರ್ಕ್ ಕಾಲಂನಲ್ಲಿ ‘ಲಿಬರ್ಟಿ ಹತ್ತಿರ’ ಎಂದು ಸೇರಿಸಿ, ಕೆಳಗೆ ಫೋನ್ ನಂಬರ್ ಕೊಡುವುದು. ಪಾರ್ಸೆಲ್ ತರುವ ಹುಡುಗ ಹೇಗೂ ಫೋನ್ ಮಾಡಿ ದಾರಿ ಕೇಳುತ್ತಾನೆ. ಪಿಂಚಣಿಯ ಕಂಪ್ಯೂಟರ್ ಫೋನ್ ಮಾಡಿ ಕೇಳುವುದಿಲ್ಲ.